ತೊಗಲು ಹಾಸಿದ ಗಾಡಿ

ತೂತು ಮೊದಲು ಬಿದ್ದದ್ದು ಎಡಗಡೆಯ ಹಿಂದಿನ ಮೂಲೆಯಲ್ಲಿ. ಸೂಗಪ್ಪನಿಗೆ ಅದು ಗೊತ್ತಾದದ್ದು ಕೋಳಿಗಳಿಂದ. ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಜೋಳದ ಚೀಲ ಹೇರಿಕೊಂಡು ಯರಗೇರಾಕ್ಕೆ ಹೋಗಿ ಗಾಡಿ ನಿಲ್ಲಿಸಿ ಇಳಿದರೆ, ಊರಿನ ಕೋಳಿಗಳೆಲ್ಲ ಮೆರವಣಿಗೆ ಹೊರಟಂತೆ ಅವನ ಹಿಂದೆ ಬರುತ್ತಿದ್ದವು. ಒಂದು ಚೀಲ ಹರಿದಿತ್ತು. ಅದರ ಕೆಳಗೆ ತಗಡೂ ಹರಿದಿತ್ತು. ದಾರಿಯುದ್ದಕ್ಕೂ ಜೋಳ ಚೆಲ್ಲಿಕೊಂಡು ಬಂದಿದ್ದ.

"ಏನಪಾ ಡ್ರೈವರ್, ರಸ್ತೆದಾಗ ಬಿತ್ತಿಗಿ ಮಾಡಾಕತ್ತೀಯೇನು?" ಎಂದು ಕಟ್ಟೆಯ ಮೇಲೆ ಕೂತವನೊಬ್ಬ ಕೂಗಿದ. ಎಲ್ಲರೂ ನಕ್ಕರು. ಸೂಗಪ್ಪ ನಗಲಿಲ್ಲ. ನಗುವವರಿಗೆ ಏನು, ತೂತು ಅವರ ಗಾಡಿಗೆ ಬಿದ್ದಿರಲಿಲ್ಲ.

ಅದು ಎಂಬತ್ನಾಲ್ಕನೇ ಇಸವಿ. ಗಾಡಿ ಅಂದರೆ ಹಳೆಯ ಜೀಪ್ ಪಿಕಪ್. ಮುಂದೆ ಇಬ್ಬರು ಕೂಡುವಷ್ಟು ಜಾಗ, ಹಿಂದೆ ತೆರೆದ ತಗಡಿನ ಬಾಡಿ. ಹನ್ನೆರಡು ವರ್ಷ ಕಂಡವರ ಲಾರಿ ತೊಳೆದು, ಕಂಡವರ ಲಾರಿ ಓಡಿಸಿ, ಹರಾಜಿನಲ್ಲಿ ಅದನ್ನು ಹಿಡಿದಿದ್ದ. ಅವ್ವ ತೀರಿಹೋಗಿದ್ದಳು, ಮದುವೆ ಆಗಿರಲಿಲ್ಲ, ಗಂಜಿನ ಹಿಂದೆ ಒಂದು ಖೋಲಿ ಇತ್ತಾದರೂ ಅವನು ಮಲಗುತ್ತಿದ್ದದ್ದು ಗಾಡಿಯ ಸೀಟಿನಲ್ಲೇ. ಸ್ಟೇರಿಂಗ್ ಹಿಡಿದವನನ್ನು ಯಾರೂ ನೀನು ಯಾರ ಪೈಕಿ ಅಂತ ಕೇಳುವುದಿಲ್ಲ. ಎಲ್ಲಿಗೆ, ಎಷ್ಟೊತ್ತಿಗೆ, ಇಷ್ಟೇ ಕೇಳುತ್ತಾರೆ. ಆ ಎರಡು ಪ್ರಶ್ನೆಗಳ ನಡುವೆ ಅವನು ಬದುಕಿಕೊಂಡಿದ್ದ.

ಸ್ಟೇಷನ್ ಕಡೆಗೆ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಜಿಲಾನಿ ಪಾಷಾ ತೂತಿನೊಳಗೆ ಬೆರಳು ಹಾಕಿ ತಿರುವಿದ. ತಗಡು ಹಪ್ಪಳದಂತೆ ಉದುರಿತು.

"ಯೂರಿಯಾ ಹೇರತಿ, ಉಪ್ಪ ಹೇರತಿ. ಎರಡೂ ಕಬ್ಬಿಣ ತಿಂತಾವ. ತೂತು ಮುಚ್ಚಿ ಕೊಡತೀನಿ, ಅದೇನು ದೊಡ್ಡ ಕೆಲಸಲ್ಲ. ಮುಂದ ಬೀಳಲಾರದಂಗ ಏನು ಹಾಸತಿ, ಅದನ್ನ ಹೇಳು."

"ಮ್ಯಾಲೊಂದು ಚದ್ದರ್ ಬಡದುಬಿಡು ಭಾಯಿ."

"ತಗಡಿನ ಮ್ಯಾಲೆ ತಗಡು ಹಾಕಿದರ ನಡುವ ನೀರು ಕೂರತದ ಬೇಟಾ. ಮ್ಯಾಲೆ ನೋಡಿದರ ಹೊಸಾದು, ಒಳಗ ಪೂರಾ ಖತಂ."

"ಹಲಗಿ?"

"ಹಲಗಿ ಸಂದ್ಯಾಗ ಗೊಬ್ಬರ ಕೂರತದ. ತೊಳೀಬೇಕಂದರ ಮೊಳಿ ಕೀಳಬೇಕು. ಮೊಳಿ ಹೊಡದಲ್ಲೆಲ್ಲ ಮತ್ತ ತೂತು."

"ಡಾಂಬರ್ ಬಳೀಲೇನು ಹಂಗಾದರ?"

ಜಿಲಾನಿ ಪಾಷಾ ನಕ್ಕುಬಿಟ್ಟ. "ರಾಯಚೂರಿನ ಬ್ಯಾಸಗ್ಯಾಗ? ಚೀಲ ಇಳಿಸಾಕ ಹತ್ತಿದ ಹಮಾಲನೂ ಅಲ್ಲೇ ಅಂಟ್ಕೊಂಡಿರತಾನ. ನೋಡು, ಶಕ್ತಿನಗರದಾಗ ಕರೆಂಟಿನ ಕಾರ್ಖಾನಿ ಕಟ್ಟಾಕತ್ತಾರಲ್ಲ, ಕಲ್ಲಿದ್ದಲು ಎಳಿಯೋ ರಬ್ಬರ್ ಪಟ್ಟಾ ತಂದಾರ. ಅದರದೊಂದು ತುಂಡು ಗುಜರಿಗೆ ಬಂದರ ಬಾದಶಾಹ ನೀನು. ಸಿಕ್ಕರ ನನಗೂ ಹೇಳು, ಮನಿ ಸೋರಾಕತ್ತದ."

ಪಟ್ಟಾ ಸಿಗಲಿಲ್ಲ. ಜಿಲಾನಿ ತೂತಿಗೆ ತೇಪೆ ಹಾಕಿ, ಬಾಡಿಯ ಒಳಗೆಲ್ಲ ಹಸಿರು ಬಣ್ಣ ಬಳಿದು ಕೊಟ್ಟ. "ಒಂದು ವರ್ಷ ತಡೀತದ," ಎಂದ.

ಆ ವಾರ ಸೂಗಪ್ಪ ಗಬ್ಬೂರಿಗೆ ಹೋದ. ಕೇರಿಯಲ್ಲಿ ಅವನ ಅಪ್ಪ ಗದ್ದೆಪ್ಪ ಇದ್ದ. ಒಂದು ಕಾಲದಲ್ಲಿ ಸುತ್ತಲಿನ ಹತ್ತು ಹಳ್ಳಿಗೆ ಕಪಿಲೆಯ ಚೀಲ ಹೊಲಿದುಕೊಟ್ಟವನು. ಎತ್ತು ಹೂಡಿ ಬಾವಿಯಿಂದ ನೀರೆತ್ತುವುದಕ್ಕೆ ಎಮ್ಮೆ ತೊಗಲಿನ ದೊಡ್ಡ ಚೀಲ ಬೇಕಲ್ಲ, ಅದು. ಕರೆಂಟು ಬಂತು, ಪಂಪ್‌ಸೆಟ್ಟು ಬಂತು, ಚೀಲ ಕೇಳುವವರೇ ಇಲ್ಲವಾದರು. ಕೊನೆಯದಾಗಿ ಒಬ್ಬ ಗೌಡ ಹೇಳಿ ಮಾಡಿಸಿ, ಒಯ್ಯುವ ಮೊದಲೇ ಮೋಟರು ಕೂರಿಸಿದ್ದ. ಆ ಚೀಲ ಆರು ವರ್ಷದಿಂದ ಗದ್ದೆಪ್ಪನ ಜಂತಿಯಲ್ಲಿ ತೂಗುತ್ತಿತ್ತು. ಅಮಾವಾಸ್ಯೆಗೊಮ್ಮೆ ಅವನು ಅದನ್ನು ಇಳಿಸಿ, ಔಡಲ ಎಣ್ಣೆ ತಿಕ್ಕಿ, ಮತ್ತೆ ತೂಗುಹಾಕುತ್ತಿದ್ದ. ಯಾರಿಗಾಗಿ ಅಂತ ಅವನನ್ನೂ ಯಾರೂ ಕೇಳಿರಲಿಲ್ಲ.

ಗಾಡಿಯ ಸುದ್ದಿ ಕೇಳಿ ಗದ್ದೆಪ್ಪ ಎದ್ದುಹೋಗಿ ಚೀಲ ಇಳಿಸಿದ. ಬಾಡಿಯ ಉದ್ದಗಲ ಗೇಣು ಹಾಕಿ ಅಳೆದ.

"ಯಪ್ಪಾ, ಬ್ಯಾಡ," ಎಂದ ಸೂಗಪ್ಪ. "ನಾ ತೊಗಲು ಬಿಟ್ಟು ಹದಿಮೂರು ವರ್ಷಾತು."

"ನಿನಗ ಹಾಸಾಕ ತಂದಿಲ್ಲಲೇ. ಗಾಡಿಗೆ ತಂದೀನಿ."

ತೊಗಲು ಬಿಟ್ಟದ್ದು ಹೇಗೆಂದರೆ, ಏಳನೇ ಇಯತ್ತೆಯಲ್ಲಿದ್ದಾಗ ಮಾಸ್ತರರ ಚಪ್ಪಲಿಯ ಉಂಗುಷ್ಟ ಕಿತ್ತಿತ್ತು. "ಸೂಗ್ಯಾ, ನಿಮ್ಮಪ್ಪನ ಉಳಿ ತಗೊಂಡು ಬಾ," ಅಂದರು. ಒಳಗೆ ಪಾಠ ನಡೆದಿತ್ತು, ಹೊರಗೆ ಕಟ್ಟೆಯ ಮೇಲೆ ಸೂಗಪ್ಪ ಮಾಸ್ತರರ ಚಪ್ಪಲಿ ಹೊಲಿಯುತ್ತಿದ್ದ. ಮರುವಾರ ಇನ್ನೊಬ್ಬ ಮಾಸ್ತರರದು. ಅದರ ಮರುವಾರ ಮಾಸ್ತರರ ಹೆಂಡತಿಯದು. ಆ ದಿನ ಒಳಗಿನವರು ಭಿನ್ನರಾಶಿ ಕಲಿತರು. ಸೂಗಪ್ಪ ಉಳಿಯನ್ನು ಶಾಲೆಯ ಮೆಟ್ಟಿಲ ಮೇಲಿಟ್ಟು, ರಸ್ತೆಗೆ ನಡೆದು, ಸಿಕ್ಕ ಲಾರಿ ಹತ್ತಿದ. ಅಂದಿನಿಂದ ಉಳಿ ಮುಟ್ಟಿರಲಿಲ್ಲ. ಭಿನ್ನರಾಶಿ ಇವತ್ತಿಗೂ ಬಾರದು.

ಆದರೂ ಅಪ್ಪನ ಕೈ ತಡೆಯಲಾಗಲಿಲ್ಲ. ಆರು ವರ್ಷ ಸುಮ್ಮನಿದ್ದ ಕೈ ಅದು. ಗದ್ದೆಪ್ಪ ಚೀಲ ಬಿಚ್ಚಿ ಅಗಲ ಮಾಡಿದ, ಅದರ ಎರಡು ತೊಗಲನ್ನು ಎರಡು ಸೂಜಿಯ ಹೊಲಿಗೆಯಲ್ಲಿ ಕೂಡಿಸಿದ, ಎಣ್ಣೆಯಲ್ಲಿ ಮಸಿ ಕಲಸಿ ತಿಕ್ಕಿ ಕಪ್ಪಾಗಿಸಿದ. ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಹಗ್ಗ ಕಟ್ಟುವ ಕೊಂಡಿಗಳಿಗೆ ಸುತ್ತಲೂ ತೊಗಲಿನ ಬಾರಿನಿಂದ ಬಿಗಿದ. "ಅಮಾಸಿಗೊಮ್ಮೆ ಒಂದು ಬದಿ ಬಿಚ್ಚಿ ಸುತ್ತು. ಕೆಳಗ ಒರಸು, ಒಣಗಲಿ. ಬಾವಿ ನೀರಾಗ ಹದಿನೈದು ವರ್ಷ ಇಳಿಬಿಟ್ಟರೂ ಕೊಳೀಲಾರದ್ದು, ನಿನ್ನ ಉಪ್ಪು ಏನು ಮಾಡತದ?" ಮೂಲೆಯಲ್ಲಿ ಮೂರು ಅಡ್ಡ ಹೊಲಿಗೆ ಹಾಕಿದ. ಅದು ಅವನ ಗುರುತು. ಅವನ ಅಪ್ಪನದೂ ಅದೇ.

ಹಾಸಿದ ತೊಗಲು ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ನೋಡಿದವರು ರಬ್ಬರ್ ಪಟ್ಟಾ ಅಂದುಕೊಂಡರು. ಸೂಗಪ್ಪ ಅಲ್ಲ ಅನ್ನಲಿಲ್ಲ.

ಆ ಹಾಸಿನಿಂದಲೇ ಅವನಿಗೆ ಮಾನ್ವಿಯ ಬಾಡಿಗೆ ಸಿಕ್ಕಿತು. ಮಾನ್ವಿಯಲ್ಲಿ ಗುಡಿಯ ಪೂಜೆ ನಡೆಸುವ ಒಂದು ಮನೆತನ. ಯಜಮಾನರು ಗೋಪಾಲಕೃಷ್ಣಾಚಾರ್ಯರು, ಅವರ ತಾಯಿ ವಿಜಯಾಬಾಯಿ. ಹದಿನೈದು ದಿನಕ್ಕೊಮ್ಮೆ ಗಂಜಿನಿಂದ ಅವರ ಮನೆಗೆ ಅಕ್ಕಿ, ಬೇಳೆ, ಬೆಲ್ಲ, ಎಣ್ಣೆ ಡಬ್ಬಿ, ಇಂಗು ಹೋಗಬೇಕು. ಗೊಬ್ಬರ ಹೇರಿದ ಲಾರಿ ಅವರಿಗೆ ಆಗದು. ಸೂಗಪ್ಪನ ಗಾಡಿಯೂ ಗೊಬ್ಬರ ಹೇರುತ್ತಿತ್ತು, ಆದರೆ ನಾಲ್ಕು ಕೊಡ ನೀರು ಹೊಯ್ದರೆ ಹಾಸು ಕನ್ನಡಿಯಾಗುತ್ತಿತ್ತು. ವಿಜಯಾಬಾಯಿ ಮೊದಲ ದಿನ ಬಾಗಿಲಲ್ಲಿ ನಿಂತು ನೋಡಿ, "ಗಾಡಿ ಭಾಳ ಸ್ವಚ್ಛ ಅದಪಾ. ನಮ್ಮ ಅಡಿಗಿ ಮನಿಗಿಂತ ಚೊಲೋ ಇಟ್ಟೀದಿ," ಎಂದಿದ್ದರು.

ಆ ಮಾತು ಅವನಿಗೆ ಸಿಹಿಯಾಗಿ ತಾಗಿತು. ತಾಗಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಆದರೂ ಹದಿನೈದು ದಿನಕ್ಕೊಮ್ಮೆ ಆ ಮಾತು ಕೇಳುವುದಕ್ಕೆ ಹೋದ. ಅವರು ಹೊರಗಿನ ಪಡಸಾಲೆಯಲ್ಲಿ ಎಲೆ ಹಾಕಿ ಊಟಕ್ಕಿಡುತ್ತಿದ್ದರು. "ಇನ್ನೊಂದೀಟು ಸಾರು ಹಾಕಸ್ಕೋ ಸೂಗಪ್ಪ," ಎಂದು ವಿಜಯಾಬಾಯಿ ಒಳಗಿನಿಂದಲೇ ಕೂಗುತ್ತಿದ್ದರು. ಅವ್ವ ಹೋದ ಮೇಲೆ ಇನ್ನೊಂದಿಷ್ಟು ಹಾಕಿಸಿಕೋ ಎಂದವರು ಬೇರೆ ಯಾರೂ ಇರಲಿಲ್ಲ.

ಎರಡು ವರ್ಷ ಹೀಗೇ ನಡೆಯಿತು. ಒಂದು ಸಲ ಗದ್ದೆಪ್ಪನೂ ಜೊತೆಗೆ ಬಂದ. ಮಾನ್ವಿಯಲ್ಲಿದ್ದ ಅವನ ತಂಗಿ ಅಮರಮ್ಮನಿಗೆ ಮೈ ನೆಟ್ಟಗಿರಲಿಲ್ಲ. ಮೊದಲು ಸಾಮಾನು ಇಳಿಸಿ ಆಮೇಲೆ ಅತ್ತೆಯ ಮನೆಗೆ ಹೋಗೋಣ ಎಂದ ಸೂಗಪ್ಪ. ಚೀಲಗಳು ಇಳಿದ ಮೇಲೆ ಆಚಾರ್ಯರು ಬಾಡಿಯ ಅಂಚಿಗೆ ಬಂದು ಬಗ್ಗಿ ನೋಡಿದರು.

"ರಬ್ಬರಿಗೆ ಎಷ್ಟು ಛಲೋ ಹೊಲಿಗಿ ಹಾಕ್ಯಾರಲ್ಲೋ. ಒಂದು ಎಳಿನೂ ಎದ್ದಿಲ್ಲ. ಯಾರು ಮಾಡಿದ್ದಿದು?"

ಗದ್ದೆಪ್ಪ ಗಾಡಿಯ ಮುಂದಿನ ಸೀಟಿನಲ್ಲಿದ್ದ. ಹಿಂದಿನ ಕಿಂಡಿ ತೆರೆದೇ ಇತ್ತು. ಅಪ್ಪನ ಕತ್ತು ಸ್ವಲ್ಪ ಈಚೆ ತಿರುಗಿದ್ದನ್ನು ಸೂಗಪ್ಪ ಕಂಡ.

"ರಾಯಚೂರಾಗ ರೀ," ಎಂದ. "ಮಷೀನಿನಾಗ ಹೊಲಿಸಿದ್ದು."

ಕತ್ತು ಮತ್ತೆ ಮುಂದಕ್ಕೆ ತಿರುಗಿತು.

ಅತ್ತೆಯ ಮನೆಗೆ ಹೋಗಿ ಬಂದರು. ಮಾನ್ವಿ ದಾಟಿತು, ಕಾಲುವೆ ದಾಟಿತು. ಕಲ್ಮಲಾದಲ್ಲಿ ಗಬ್ಬೂರಿನ ದಾರಿಗೆ ತಿರುಗುವಾಗ ಗದ್ದೆಪ್ಪ ಬಾಯಿ ಬಿಟ್ಟ. "ಮಷೀನು ಚೊಲೋ ಹೊಲದದ," ಎಂದ. ಅಷ್ಟೇ. ಕೇರಿಯ ಮುಂದೆ ಇಳಿದು, ಟವೆಲ್ಲು ಹೆಗಲಿಗೆ ಹಾಕಿಕೊಂಡು, ಹಿಂದಿರುಗಿ ನೋಡದೆ ಒಳಗೆ ಹೋದ.

ಆಮೇಲಿನ ಒಂದು ವರ್ಷ ಅಪ್ಪ ಮಗನಿಗೆ ಮಾತಿರಲಿಲ್ಲ. ಜಗಳವೂ ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಸೂಗಪ್ಪ ಬಂದರೆ ಗದ್ದೆಪ್ಪ ರೊಟ್ಟಿ ಮುಂದಿಡುತ್ತಿದ್ದ. ಅವನು ತಂದ ಚಹಪುಡಿ, ಸಕ್ಕರೆ ತೆಗೆದಿಡುತ್ತಿದ್ದ. ಅಮಾವಾಸ್ಯೆಯ ದಿನ ಮಾತ್ರ ಗಾಡಿಯ ಹತ್ತಿರ ಬರುತ್ತಿರಲಿಲ್ಲ. ಸೂಗಪ್ಪ ತಾನೇ ಮೇಲ್ಮೈಗಷ್ಟೇ ಎಣ್ಣೆ ತಿಕ್ಕುತ್ತಿದ್ದ. ಬಾರು ಬಿಚ್ಚಿ ಸುತ್ತಿ ಕೆಳಗೆ ಒರೆಸಬೇಕಿತ್ತು. ಬಿಚ್ಚಿದರೆ ಮತ್ತೆ ಬಿಗಿಯಲು ಅವನಿಗೆ ಬರುತ್ತಿರಲಿಲ್ಲ. ಕೇಳಲು ಬಾಯಿ ಬರುತ್ತಿರಲಿಲ್ಲ. ರಾಯಚೂರಿಗೆ ಹಿಂದಿರುಗುವಾಗ ಪಕ್ಕದ ಸೀಟಿನ ಮೇಲೆ ಎಣ್ಣೆಯ ಬಾಟಲಿ ಉರುಳಾಡುತ್ತಿತ್ತು. ಅವನಿಗೆ ಜೊತೆ ಅಂದರೆ ಅದೊಂದೇ.

ಎಂಬತ್ತೇಳರ ಮಳೆಗಾಲದಲ್ಲಿ ಒಂದು ದಿನ ಆಚಾರ್ಯರು ಅವನನ್ನು ಪಡಸಾಲೆಯಲ್ಲಿ ಕೂರಿಸಿದರು.

"ಸೂಗಪ್ಪ, ನಮ್ಮ ಕಾಳಿನ ಖೋಲ್ಯಾಗ ನೆಲ ಜಿನುಗಾಕತ್ತದ. ನೈವೇದ್ಯದ ಅಕ್ಕಿ ಮುಗ್ಗಲಾಗತದ. ನಿನ್ನ ಗಾಡ್ಯಾಗಿನ ಪಟ್ಟಾ ನೋಡಿ ನೋಡಿ ನನಗೊಂದು ವಿಚಾರ ಬಂತು. ಅಂಥದ್ದೇ ಒಂದು ನೆಲಕ್ಕ ಹಾಸಿಸಿಬಿಡು. ಮತ್ತ ಯಾರೋ ಬ್ಯಾಡ, ಅದೇ ಮನಷ್ಯಾನ್ನ ಕರಕೊಂಡು ಬಾ. ಹೊಲಿಗಿ ಅಂದರ ಅದು ಹೊಲಿಗಿ."

ಗಂಜಿನ ಗುಜರಿಯಲ್ಲಿ ಈಗ ರಬ್ಬರ್ ಪಟ್ಟಾ ಸಿಗುತ್ತಿತ್ತು. ತುಂಡು ತಂದು, ಯಾರನ್ನೋ ಹಿಡಿದು ತಂದು, ಕೆಲಸ ಮುಗಿಸಬಹುದಿತ್ತು. ಹೂಂ ರೀ ಅಂದರೆ ಸಾಕಿತ್ತು. ಸೂಗಪ್ಪ ಹೂಂ ಅನ್ನಲು ಬಾಯಿ ತೆರೆದ. ಯಾವ ಮನುಷ್ಯನನ್ನು ಕರೆತರಲಿ? ಆ ಹೊಲಿಗೆ ಹಾಕುವ ಮನುಷ್ಯ ಒಬ್ಬನೇ. ಅವನನ್ನು ತಾನು ಈ ಅಂಗಳದಲ್ಲೇ ಮಷೀನು ಮಾಡಿಬಿಟ್ಟಿದ್ದ.

"ಅದು ರಬ್ಬರ್ ಅಲ್ಲ ರೀ," ಎಂದ. "ತೊಗಲು. ಎಮ್ಮಿ ತೊಗಲು. ಹೊಲದವನು ನಮ್ಮಪ್ಪ, ಗಬ್ಬೂರಿನ ಗದ್ದೆಪ್ಪ. ಹ್ವಾದ ವರ್ಷ ಇದೇ ಗಾಡ್ಯಾಗ ಕುಂತಿದ್ದ."

ಒಳಬಾಗಿಲಲ್ಲಿ ವಿಜಯಾಬಾಯಿ ನಿಂತಿದ್ದರು. ಅವರ ಕಣ್ಣು ಅಂಗಳದಲ್ಲಿ ಆಗತಾನೇ ಇಳಿದಿದ್ದ ಅಕ್ಕಿ ಚೀಲಗಳ ಮೇಲೆ ಹೋಯಿತು. ಅಲ್ಲಿಂದ ಅಡಿಗೆ ಮನೆಯ ಕಡೆ ಹೋಯಿತು. ಮೂರು ವರ್ಷದ ಅನ್ನವನ್ನು ಅವರು ಲೆಕ್ಕ ಹಾಕುತ್ತಿದ್ದಾರೆಂದು ಸೂಗಪ್ಪನಿಗೆ ತಿಳಿಯಿತು.

"ಹೇಳಬೇಕಾಗಿತ್ತಲ್ಲೋ ಸೂಗಪ್ಪ," ಎಂದರು ವಿಜಯಾಬಾಯಿ. ದನಿ ಏರಲಿಲ್ಲ.

ದನಿ ಏರಿಸಿದವನು ಅವನೇ. "ಯವ್ವಾ, ನಿಮ್ಮ ಸಾರಿಗೆ ಹಾಕೂ ಇಂಗು ಯಾವುದರಾಗ ಬರತದ ಕೇಳ್ರಿ! ಗಂಜಿನಾಗ ಜಹೀರುದ್ದೀನ್ ಸಾಹೇಬರ ಅಂಗಡ್ಯಾಗ ನಾನೇ ಎತ್ತೀನಿ. ತೊಗಲಿನ ಚೀಲದಾಗ ಬರತದ, ಹೊಲಿಗಿ ಸಹಿತ. ಅಲ್ಲಿ ಬಿಚ್ಚಿ ನಿಮಗ ಡಬ್ಬಿಗೆ ಹಾಕಿಕೊಡತಾರ. ಈ ಸೀಮಿ ಹೊಲಕ್ಕೆಲ್ಲ ನೀರು ಎತ್ತಿದ್ದು ಯಾವುದರಾಗ? ನಮ್ಮಪ್ಪನ ಕೈಯಾಗಿನ ಚೀಲ! ಆ ನೀರು ಕುಡದು ಬೆಳದ ಅಕ್ಕಿ ನಡೀತದ, ಅಕ್ಕಿ ತಂದ ಗಾಡಿ ನಡಿಯಂಗಿಲ್ಲ!"

ವಿಜಯಾಬಾಯಿ ಮಗನ ಮುಖ ನೋಡಿದರು. ಇಂಗಿನ ವಿಷಯ ಅವರಿಗೆ ಗೊತ್ತಿರಲಿಲ್ಲ. ಆಚಾರ್ಯರಿಗೆ ಗೊತ್ತಿತ್ತು. ಅವರು ನೆಲ ನೋಡಿದರು.

ಬೈದಿದ್ದರೆ ಸೂಗಪ್ಪನಿಗೆ ಹಗುರಾಗುತ್ತಿತ್ತು. ಅವನ ಹತ್ತಿರ ಬೈಗುಳ ಸಿದ್ಧವಿದ್ದವು, ಲಾರಿ ಸ್ಟ್ಯಾಂಡಿನಲ್ಲಿ ಹದಿನಾರು ವರ್ಷ ಕಲಿತದ್ದು. ಅವರು ಬೈಯಲೇ ಇಲ್ಲ. ಆಚಾರ್ಯರು ನಿಧಾನವಾಗಿ ಹೇಳಿದರು, "ನಿನ್ನ ಮ್ಯಾಲೆ ನಮಗೇನೂ ಇಲ್ಲಪಾ. ಅದನ್ನ ಕಿತ್ತು ಹಾಕು. ಹಲಗಿ ಬಡಸು, ಹಲಗಿ ನಾವೇ ಕೊಡತೀವಿ. ಮುಂದಿನ ಏಕಾದಶಿ ಕಳದು ಬಾ. ಎಂದಿನಂಗ ನಡೀಲಿ."

ಆ ದಿನ ಎಲೆ ಹಾಕಲಿಲ್ಲ. ಹಾಕಿದ್ದರೂ ಅವನು ಕೂಡುತ್ತಿರಲಿಲ್ಲ. ಆದರೂ ಗಾಡಿ ತಿರುಗಿಸುವಾಗ ಒಳಗಿನಿಂದ ಯಾರಾದರೂ ಕೂಗುತ್ತಾರೇನೋ ಎಂದು ಅವನ ಕಿವಿ ಆ ಕಡೆಯೇ ಇತ್ತು.

ದಾರಿಯುದ್ದಕ್ಕೂ ಒಬ್ಬನೇ ಕೂಗಾಡಿದ. ಆಚಾರ್ಯರನ್ನು ಬೈದ, ಮಾಸ್ತರರನ್ನು ಬೈದ, ಯರಗೇರಾದ ಕೋಳಿಗಳನ್ನೂ ಬಿಡಲಿಲ್ಲ. ಕಲ್ಮಲಾದ ಕವಲಿನಲ್ಲಿ ಗಾಡಿ ನಿಲ್ಲಿಸಿ ಸುಮ್ಮನೆ ಕೂತ. ನೇರ ರಾಯಚೂರಿಗೆ ಹೋದರೆ ಜಿಲಾನಿ ಪಾಷಾ ಸಂಜೆಯೊಳಗೆ ಹಲಗೆ ಬಡಿದುಕೊಡುತ್ತಾನೆ. ಹದಿನೈದು ದಿನಕ್ಕೊಮ್ಮೆ ಪಡಸಾಲೆ, ಎಲೆ, ಇನ್ನೊಂದೀಟು ಸಾರು. ಬೇರೆ ಇನ್ನೇನು ಇದೆ ಅವನಿಗೆ? ಎಣ್ಣೆಯ ಬಾಟಲಿ ಇದೆ. ಸ್ಟೇರಿಂಗನ್ನು ಗಬ್ಬೂರಿನ ಕಡೆ ತಿರುಗಿಸಿದ.

ಗದ್ದೆಪ್ಪ ಮನೆಯ ಮುಂದೆ ಕೂತು ಹಳೆಯ ಮೆಟ್ಟು ಹೊಲಿಯಲು ನೋಡುತ್ತಿದ್ದ. ಕಣ್ಣಿಗೆ ಪೊರೆ ಬಂದಿತ್ತು. ಸೂಜಿಯನ್ನು ಮೂಗಿನ ಹತ್ತಿರ ಹಿಡಿದಿದ್ದ. ಸೂಗಪ್ಪ ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಇಂಗಿನದು, ಹಲಗೆಯದು. ಕೊನೆಗೆ, "ನಿನ್ನ ಹೆಸರು ಹೇಳಿ ಬಂದೀನಿ," ಎಂದ.

ಗದ್ದೆಪ್ಪ ಎದ್ದ. ತೊಗಲು ಕೊಯ್ಯುವ ರಂಪಿ ತೆಗೆದುಕೊಂಡು, ತಡವರಿಸುತ್ತ ಹೋಗಿ ಗಾಡಿ ಹತ್ತಿದ. ಏನು ಮಾಡುತ್ತಾನೆಂದು ಮಗನಿಗೆ ತಿಳಿಯುವಷ್ಟರಲ್ಲಿ ಒಂದು ಬದಿಯ ಬಾರುಗಳೆಲ್ಲ ಪಟಪಟ ಕತ್ತರಿಸಿಬಿದ್ದವು.

"ಯಪ್ಪಾ! ಏನ್ ಮಾಡಾಕತ್ತೀದಿ?"

"ನಾ ಕಟ್ಟಿದ್ದು, ನಾ ಬಿಚ್ಚತೀನಿ. ಅವರ ಮನಿ ಊಟ ನಿನಗ ಹಿಡಿಸೇದ. ನನಗ ಗೊತ್ತಾಗಂಗಿಲ್ಲೇನು? ಹೆಸರು ಹೇಳಿದೆಲ್ಲ, ಸಾಕು. ಹಲಗಿ ಬಡಸ್ಕೊಂಡು ಹೋಗು."

ತೊಗಲು ಗಟ್ಟಿ ಚಾಪೆಯಂತೆ ಸುರುಳಿಯಾಗುತ್ತ ಹಿಂದೆ ಸರಿಯಿತು. ತಡೆಯಲು ಹೊರಟ ಮಗ ಬಗ್ಗಿ ನೋಡಿದ. ಕೆಳಗಿನ ತಗಡು ಹಸಿರು ಬಣ್ಣದಲ್ಲೇ ಇತ್ತು. ಮೂರು ವರ್ಷ ಉಪ್ಪು, ಯೂರಿಯಾ, ಮಳೆ, ಒಂದು ವರ್ಷ ಬಿಚ್ಚಿ ಒರೆಸಿಯೂ ಇರಲಿಲ್ಲ. ಜಿಲಾನಿ ಬಳಿದ ಬಣ್ಣದ ಮೇಲೆ ಕುಂಚದ ಗೆರೆಗಳು ಕೂಡ ಇನ್ನೂ ಕಾಣುತ್ತಿದ್ದವು. ಗದ್ದೆಪ್ಪನಿಗೆ ಬಣ್ಣ ಕಾಣಲಿಲ್ಲ. ಅವನು ಮಂಡಿಯೂರಿ ಅಂಗೈಯಿಂದ ಸವರಿ ನೋಡಿದ. ಮೂಲೆಯಿಂದ ಮೂಲೆಗೆ ಸವರಿದ. ತೇಪೆಯ ಮೇಲೆ ಬೆರಳು ನಿಲ್ಲಿಸಿ, ಮತ್ತೆ ಸವರಿದ. ಎಲ್ಲಿಯೂ ತುಕ್ಕು ಕೈಗೆ ಹತ್ತಲಿಲ್ಲ.

"ಕಟ್ಟು ಯಪ್ಪಾ," ಎಂದ ಸೂಗಪ್ಪ.

"ಮಾನ್ವಿ?"

"ಮಾನ್ವಿಗೆ ಹೋಗಂಗಿಲ್ಲ."

ಮುದುಕ ಸೊಂಟದಿಂದ ಉಳಿ ತೆಗೆದು ಹಿಡಿ ಮುಂದೆ ಮಾಡಿ ಚಾಚಿದ. "ನನಗ ಕಾಣಂಗಿಲ್ಲ. ನೀ ಕಟ್ಟು. ಒಳಗ ಬಾರು ಅದಾವ, ತಗೊಂಡು ಬಾ."

ಸೂಗಪ್ಪ ಉಳಿ ನೋಡಿದ. ಶಾಲೆಯ ಮೆಟ್ಟಿಲ ಮೇಲಿಟ್ಟು ಬಂದದ್ದು ಇದೇ ಉಳಿ. ಯಾರು ಹೋಗಿ ತಂದಿದ್ದರೋ, ಅವನು ಎಂದೂ ಕೇಳಿರಲಿಲ್ಲ. ಹಿಡಿಯಲ್ಲಿ ಅಪ್ಪನ ಹೆಬ್ಬೆರಳಿನ ಗುಳಿ ಬಿದ್ದಿತ್ತು. ಅವನ ಬೆರಳು ಆ ಗುಳಿಯಲ್ಲಿ ಕೂಡಲಿಲ್ಲ.

ಸಂಜೆಯವರೆಗೆ ಹಿಡಿಯಿತು. ಗದ್ದೆಪ್ಪ ಪಕ್ಕದಲ್ಲಿ ಕೂತು, "ಜಗ್ಗು", "ಸಡ್ಲ ಬಿಟ್ಟಿ", "ಹಿಂದ ಹೋಗು" ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಎರಡು ಕಡೆ ಸೂಗಪ್ಪನ ಬೆರಳಿಗೆ ಉಳಿ ಹೊಕ್ಕಿತು. ಒಂದು ಮೂಲೆಯ ಹೊಲಿಗೆ ಎದ್ದಿತ್ತು, ಅದನ್ನೂ ಹಾಕಿದ, ಮೂರು ಅಡ್ಡ ಗೆರೆ. ಮೊದಲನೆಯದು ಉದ್ದ, ಎರಡನೆಯದು ಗಿಡ್ಡ, ಮೂರನೆಯದು ಎತ್ತಲೋ ಹೋಗಿತ್ತು. ಗದ್ದೆಪ್ಪ ಅದರ ಮೇಲೆ ಬೆರಳಾಡಿಸಿದ.

"ಇದನ್ನ ಮಷೀನಿಂದು ಅಂತ ಯಾರೂ ಅನ್ನಂಗಿಲ್ಲ," ಎಂದ.

ಸೂಗಪ್ಪನಿಗೆ ನಗು ಬಂತು. ರಾಯಚೂರಿಗೆ ಬಾ, ಕಣ್ಣು ತೋರಿಸೋಣ, ಖೋಲಿಯಲ್ಲಿರು ಅಂದ. "ನೋಡೋಣಂತ," ಎಂದು ಮುದುಕ ಒಳಗೆ ಹೋದ. ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಗಂಜಿನಲ್ಲಿ ಗಾಡಿಗಳು ಸಾಲಾಗಿ ನಿಂತಿದ್ದವು. ದೇವದುರ್ಗಕ್ಕೆ ಸಾಮಾನು ಒಯ್ಯಬೇಕಿದ್ದ ಒಬ್ಬ ಕಿರಾಣಿಯವನು ಬಂದು ಬಾಡಿಯೊಳಗೆ ಇಣುಕಿದ.

"ಏನು ಹಾಸೀದಿಪಾ? ರಬ್ಬರ್ ಏನು?"

"ತೊಗಲು. ಗಬ್ಬೂರಿನ ಗದ್ದೆಪ್ಪ ಹಾಸಿದ್ದು. ನಮ್ಮಪ್ಪ."

"ಹೌದಾ," ಎಂದು ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಸ್ವಲ್ಪ ಹೊತ್ತು ಅತ್ತ ಇತ್ತ ನೋಡಿದ. ಆಮೇಲೆ ಪಕ್ಕದ ಗಾಡಿಯ ಕಡೆ ನಡೆದ.

ಬಿಸಿಲು ಏರುತ್ತಿತ್ತು. ಉಪ್ಪಿನ ಸಾಹುಕಾರ ಹತ್ತು ಗಂಟೆಗೆ ಬರುತ್ತಾನೆ, ಅವನಿಗೆ ಇದೆಲ್ಲ ಬೇಕಾಗಿಲ್ಲ, ಉಪ್ಪು ಒದ್ದೆಯಾಗದಿದ್ದರೆ ಸಾಕು. ಅಲ್ಲಿಯವರೆಗೆ ಸೂಗಪ್ಪ ಬಾಡಿಯೊಳಗೆ ಹತ್ತಿ ಕೂತು, ಬಾಟಲಿಯಿಂದ ಅಂಗೈಗೆ ಎಣ್ಣೆ ಸುರಿದುಕೊಂಡು, ಸೊಟ್ಟ ಹೊಲಿಗೆಯ ಮೂಲೆಯಿಂದ ತಿಕ್ಕಲು ಶುರುಮಾಡಿದ.